ಸೇಬಿನ ತೋಟದಲ್ಲಿ ಎರಡು ರಾತ್ರಿ

ಫೆಬ್ರವರಿ 3, ಸೋಮವಾರ

ಕೆಲಸ ಬಿಟ್ಟು ಎರಡನೆಯ ವಾರ. ಇವತ್ತೂ ಕಚೇರಿಯಿಂದ ಫೋನ್ ಬರಲಿಲ್ಲ. ಮೂವತ್ತು ವರ್ಷ ಆ ಸಾರಿಗೆ ಕಂಪನಿಯಲ್ಲಿ ಲಾರಿಗಳನ್ನು ಓಡಿಸಿದವನು ನಾನು. ಓಡಿಸಿದ್ದು ಅಂದರೆ ಕುರ್ಚಿಯ ಮೇಲೆ ಕೂತು. ಯಾವ ಲಾರಿ ಯಾವ ಹೊತ್ತಿಗೆ ಎಲ್ಲಿರಬೇಕು, ಎಲ್ಲಿ ಡೀಸೆಲ್ ಹಾಕಿಸಬೇಕು, ಯಾವ ಘಾಟಿಯಲ್ಲಿ ಹಿಮ ಬಿದ್ದಿದೆ, ಎಲ್ಲವೂ ನನ್ನ ಬಾಯಿಂದಲೇ ಹೊರಡಬೇಕಿತ್ತು. ನಾನು ಎದ್ದುಬಂದ ಮೇಲೆ ಒಂದಾದರೂ ಲಾರಿ ದಾರಿತಪ್ಪಿ ಮೆಕ್ಸಿಕೋ ಸೇರಿರಬೇಕಲ್ಲ? ಸೇರಿಲ್ಲವಂತೆ. ಎಲ್ಲಾ ಸುಸೂತ್ರವಾಗಿ ನಡೆಯುತ್ತಿದೆಯಂತೆ. ನಡೆಯಲಿ, ಸಂತೋಷ.

ಪಾಳಿ ಮುಗಿಯುವಾಗ ನಾಲ್ಕು ಸಾಲು ಬರೆದಿಡುವ ಚಟ ಅಲ್ಲಿನದು. ಬಿಡಲಾಗುತ್ತಿಲ್ಲ, ಅದಕ್ಕೇ ಇಲ್ಲಿ ಗೀಚುತ್ತಿದ್ದೇನೆ.

ವರ್ನಾ ಬೆಳಗಿನಿಂದ ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕೂತಿದ್ದಾಳೆ. ನನಗೆ ಮೊಟ್ಟೆ ತಿನ್ನಲು ತಟ್ಟೆ ಇಡಲೂ ಜಾಗವಿಲ್ಲ.

"ಸೆಪ್ಟೆಂಬರ್‌ನಲ್ಲಿ ಹೊರಡೋಣ ವೆಂಡೆಲ್. ಮೂರು ವಾರ. ಮರುಭೂಮಿಯ ಪಾರ್ಕುಗಳನ್ನೆಲ್ಲ ನೋಡ್ಕೊಂಡು ಬರೋಣ. ಕಲ್ಲಾದ ಮರಗಳ ಕಾಡು, ಆಮೇಲೆ ಆರ್ಚಸ್, ಆಮೇಲೆ ಫ್ರೂಟಾ, ಜಯಾನ್, ಡೆತ್ ವ್ಯಾಲಿ..."

"ಮರುಭೂಮಿ ನೋಡೋಕೆ ಮೂರು ವಾರ ಯಾಕೆ? ಕಿಟಕಿ ಪರದೆ ಸರಿಸು. ನಮ್ಮ ಈ ಕಾಸಾ ಗ್ರಾಂಡೆ ಊರಲ್ಲಿ ಅದು ಬಿಟ್ರೆ ಇನ್ನೇನಿದೆ?" ಎಂದೆ.

ಅವಳು ನಗಲಿಲ್ಲ. ನಕ್ಷೆಯಲ್ಲಿ ಯೂಟಾದ ನಡುವೆ ಒಂದು ಕಡೆ ಬೆರಳಿಟ್ಟು, "ಇಲ್ಲಿ ಎರಡು ರಾತ್ರಿ ಮಲಗಬೇಕು" ಎಂದಳು. ಫ್ರೂಟಾ ಅವಳ ಅಮ್ಮ ಹುಟ್ಟಿದ ಜಾಗ. ಕೆಂಪು ಬಂಡೆಗಳ ನಡುವೆ ಒಂದು ಹೊಳೆ, ಹೊಳೆಯ ದಡದಲ್ಲಿ ಹತ್ತಾರು ಮನೆ, ಸುತ್ತ ಸೇಬು, ಪೀಚ್ ಹಣ್ಣಿನ ತೋಟ. ಸರ್ಕಾರ ಅದನ್ನು ಕ್ಯಾಪಿಟಲ್ ರೀಫ್ ಪಾರ್ಕಿಗೆ ಸೇರಿಸಿಕೊಂಡಿತು, ಮನೆಗಳು ಒಂದೊಂದಾಗಿ ಖಾಲಿಯಾದವು, ಮರಗಳು ಮಾತ್ರ ಉಳಿದವು. ಪಾರ್ಕಿನವರೇ ಈಗಲೂ ನೀರು ಬಿಡುತ್ತಾರೆ. ಯಾರು ಬೇಕಾದರೂ ಒಳಗೆ ಹೋಗಿ ಹೊಟ್ಟೆ ತುಂಬ ತಿನ್ನಬಹುದು, ದುಡ್ಡಿಲ್ಲ. ಈ ಕಥೆಯನ್ನು ನಮ್ಮತ್ತೆ ಸಾಯುವವರೆಗೂ ಹೇಳಿದಳು. ಮಗಳು ಆ ಜಾಗ ಕಂಡವಳಲ್ಲ. ಸೇಬು ಹಣ್ಣಾಗುವುದು ಸೆಪ್ಟೆಂಬರ್‌ನಲ್ಲಿ. ಇವಳು ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಊಟ ಬಡಿಸುತ್ತಿದ್ದವಳು, ಸೆಪ್ಟೆಂಬರ್‌ನಲ್ಲಿ ರಜೆ ಎಲ್ಲಿಂದ ಬರಬೇಕು?

"ಸೇಬು ಬೇಕಿದ್ರೆ ಅಂಗಡೀಲಿ ಸಿಗುತ್ತಲ್ಲ" ಎಂದೆ.

"ಅಂಗಡೀಲಿ ಸೇಬು ಸಿಗುತ್ತೆ. ಮರ ಸಿಗಲ್ಲ" ಎಂದಳು.

ತಟ್ಟೆ ತೊಡೆಯ ಮೇಲಿಟ್ಟುಕೊಂಡು ಮೊಟ್ಟೆ ತಿಂದೆ.

ಫೆಬ್ರವರಿ 11

ಅವಳ ದಾರಿ ನೋಡಿದೆ. ಪೆನ್ಸಿಲಿನಲ್ಲಿ ಒಂದು ಗೆರೆ, ಅಷ್ಟೇ. ದಿನಾಂಕವಿಲ್ಲ, ಮೈಲಿಯಿಲ್ಲ, ಪೆಟ್ರೋಲ್ ಎಲ್ಲಿ ಅಂತಿಲ್ಲ. "ಸಾಕು ಅನ್ನಿಸಿದ ಕಡೆ ನಿಲ್ಲೋದು" ಅಂತೆ. ಸಾಕು ಅನ್ನಿಸಿದ ಕಡೆ ನಿಂತ ಲಾರಿಗಳ ಕಥೆ ನನಗೆ ಗೊತ್ತು. ಸಾಲ್ಟ್ ರಿವರ್ ಕಣಿವೆಯ ಇಳಿಜಾರಿನಲ್ಲಿ ಬ್ರೇಕ್ ಸುಟ್ಟದ್ದು, ಮೋವಾಬ್ ದಾಟಿ ನೀರಿಲ್ಲದೆ ಅರ್ಧ ದಿನ ಕೂತದ್ದು, ಆ ಕೆಂಪು ಬಂಡೆಗಳ ತಿರುವಿನಲ್ಲಿ ಟೈರ್ ಸಿಡಿದು ಮಗುಚಿದ್ದು. ಆ ರಸ್ತೆಗಳಲ್ಲಿ ನಾನು ನೋಡಿದ್ದು ಒಂದೂ ಇಲ್ಲ, ಗೊತ್ತಿಲ್ಲದ್ದೂ ಒಂದೂ ಇಲ್ಲ.

ಹಾಗಾಗಿ ಕೆಲಸ ನಾನೇ ಕೈಗೆತ್ತಿಕೊಂಡೆ. ಮಧ್ಯಾಹ್ನದೊಳಗೆ ಮೊದಲ ಪಟ್ಟಿ ತಯಾರು. ಪ್ರತಿ ದಿನ ಬೆಳಗ್ಗೆ ಆರಕ್ಕೆ ಹೊರಡುವುದು, ಅರ್ಧ ಟ್ಯಾಂಕ್ ಖಾಲಿಯಾಗುವ ಮೊದಲೇ ತುಂಬಿಸುವುದು, ಕತ್ತಲಾಗುವ ಮೊದಲು ಟೆಂಟ್. ಎಷ್ಟೋ ದಿನದ ಮೇಲೆ ಹಸಿವಾಯಿತು.

ವರ್ನಾ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಓದಿದಳು. "ಇದರಲ್ಲಿ ನಾನು ಎಲ್ಲಿ ಮೂತ್ರಕ್ಕೆ ಹೋಗಬೇಕು ಅನ್ನೋದೂ ಇದೆಯಲ್ಲೋ!"

"ಇರಲೇಬೇಕು. ನೂರು ಮೈಲಿ ಏನೂ ಸಿಗಲ್ಲ ಅಲ್ಲಿ."

"ಸರಿ ಕಣಪ್ಪ. ಫ್ರೂಟಾದ ಎರಡು ರಾತ್ರಿ ನನ್ನದು. ಅದೊಂದು ಮುಟ್ಟಬೇಡ. ಉಳಿದದ್ದು ಏನ್ ಬೇಕಾದ್ರೂ ಮಾಡ್ಕೋ."

ಅವಳಿಗೆ ಖುಷಿಯಾಗಿದೆ. ಹೇಳಲಿಲ್ಲ, ಆದರೆ ನನಗೆ ತಿಳಿಯುತ್ತದೆ.

ಫೆಬ್ರವರಿ 27

ಡಾರ್ಲಾ ಅಕ್ಕ ಬಂದಿದ್ದಳು. ಬಾವ ಹೋದ ಮೇಲೆ ಅಪಾಚೆ ಜಂಕ್ಷನ್‌ನಲ್ಲಿ ಒಬ್ಬಳೇ ಇದ್ದಾಳೆ, ನಾಲಿಗೆ ಮಾತ್ರ ಇಬ್ಬರಿಗಾಗುವಷ್ಟಿದೆ. ಗೋಡೆಗೆ ಅಂಟಿಸಿದ ನನ್ನ ಪಟ್ಟಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಲೋ ತಮ್ಮಾ, ಇದು ಪ್ರವಾಸಾನೋ, ಜೈಲಿಂದ ಜೈಲಿಗೆ ಕೈದಿ ಸಾಗಿಸೋದೋ?"

"ನಗು, ನಗು. ನಾಳೆ ದಾರೀಲಿ ಕಾರು ನಿಂತ್ರೆ ಯಾರನ್ನ ಕರೀತಾರೆ?"

"ನಿನ್ನನ್ನಂತೂ ಅಲ್ಲ, ನೀನು ಕಾರೊಳಗೇ ಇರ್ತೀಯ" ಎಂದಳು.

ಫ್ರೂಟಾದ ಡೇರೆ ತಾಣ ಕಾಯ್ದಿರಿಸುವ ವಿಷಯ ಬಂತು. ತಂಗುವ ದಿನಕ್ಕೆ ಸರಿಯಾಗಿ ಆರು ತಿಂಗಳು ಮೊದಲು, ಯೂಟಾದ ಬೆಳಗಿನ ಎಂಟು ಗಂಟೆಗೆ, ಕಂಪ್ಯೂಟರಿನಲ್ಲಿ ಬಾಗಿಲು ತೆರೆಯುತ್ತದೆ. ದೇಶದ ಜನವೆಲ್ಲ ಬೆರಳು ಗುಂಡಿಯ ಮೇಲಿಟ್ಟುಕೊಂಡು ಕಾಯುತ್ತಾರೆ, ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮುಗಿದಿರುತ್ತದೆ. ವರ್ನಾ ತಾನೇ ಮಾಡುತ್ತೇನೆ ಎಂದಳು.

"ನಿನಗೆ ಟೀವಿ ರಿಮೋಟೇ ಸರಿಯಾಗಿ ಒತ್ತೋಕೆ ಬರಲ್ಲ" ಎಂದೆ. "ಮೂವತ್ತು ವರ್ಷ ಗಡಿಯಾರದ ಜೊತೆ ಬದುಕಿದವನು ನಾನು. ಬಿಡು ಇತ್ತ."

"ಇದು ನನ್ನದು ಅಂದಿದ್ದೆ" ಎಂದಳು ವರ್ನಾ.

"ರಾತ್ರಿ ನಿನ್ನದು. ಬುಕಿಂಗ್ ನನ್ನದು."

ಅಕ್ಕ ಏನೋ ಹೇಳಲು ಹೊರಟವಳು ಕಾಫಿ ಕುಡಿದಳು. ವರ್ನಾ ಬಿಟ್ಟುಕೊಟ್ಟಳು. ಅವಳ ಈ ಗುಣ ನನಗೆ ಇಷ್ಟ, ಹೆಚ್ಚು ಎಳೆದಾಡುವವಳಲ್ಲ.

ಮಾರ್ಚ್ 9, ಭಾನುವಾರ

ನಾಳೆ ಬುಕಿಂಗ್. ಎಲ್ಲಾ ಸಿದ್ಧ. ಕಂಪ್ಯೂಟರಿಗೆ ಹೊಸ ಮೌಸ್, ಹೊಸ ತಂತಿ, ಕಾರ್ಡಿನ ಸಂಖ್ಯೆ ಬಾಯಿಪಾಠ.

ಟೀವಿಯಲ್ಲಿ ಮತ್ತೆ ಅದೇ ವಾರ್ಷಿಕ ಹುಚ್ಚು. ಬೇಸಿಗೆ ಬರುತ್ತದೆಂದು ದೇಶವೆಲ್ಲ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಂಡು ಆಕಳಿಸುತ್ತಿದೆ. ನಾವು ಅರಿಜೋನಾದವರು ಆ ಗೋಜಿಗೆ ಹೋದವರಲ್ಲ. ನಮ್ಮ ಸೂರ್ಯ ನಮಗೆ ಸಾಕಷ್ಟಿದ್ದಾನೆ.

ಪಾತ್ರೆ ತೊಳೆಯುತ್ತ ವರ್ನಾ, "ವೆಂಡೆಲ್, ಅಲ್ಲಿ ಇವತ್ತಿಂದ..." ಎಂದು ಶುರುಮಾಡಿದಳು. ಗಡಿಯಾರದ ವಿಷಯವೇ ಇರಬೇಕು. ಬೇಸ್‌ಬಾಲ್ ನಡೆಯುತ್ತಿತ್ತು. "ನನಗೆ ಹೊತ್ತು ಹೇಳಿಕೊಡಬೇಡ ಮಾರಾಯ್ತಿ" ಎಂದೆ. ಮತ್ತೆ ಪಾತ್ರೆಗೆ ಕೈಹಾಕಿದಳು.

ಮಾರ್ಚ್ 10

ಹಾಳಾದ ಜಾಲತಾಣ. ಎಂಟು ಗಂಟೆಗೆ ಸರಿಯಾಗಿ ಒತ್ತಿದೆ. ಒಂದೂ ಇಲ್ಲ. ಎಲ್ಲ ಚೌಕವೂ ಬೂದು ಬಣ್ಣ. ಏನೋ ಮೋಸವಿದೆ, ದೊಡ್ಡವರಿಗೆಲ್ಲ ಮೊದಲೇ ಹಂಚಿರುತ್ತಾರೆ ಎಂದು ಕೂಗಾಡಿದೆ.

ವರ್ನಾ ಬಾಗಿಲಲ್ಲಿ ನಿಂತಿದ್ದಳು. ರಾತ್ರಿಯ ಗೌನಿನಲ್ಲೇ ಇದ್ದಳು, ಎರಡು ಲೋಟ ಕಾಫಿ ಕೈಯಲ್ಲಿ.

"ಅಲ್ಲೀಗ ಒಂಬತ್ತು ಗಂಟೆ, ವೆಂಡೆಲ್."

ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಕಚೇರಿಯಲ್ಲಿ ನನ್ನ ತಲೆಯ ಮೇಲೆ ಎರಡು ಗಡಿಯಾರಗಳಿದ್ದವು, ಒಂದು ನಮ್ಮದು, ಒಂದು ಯೂಟಾದ್ದು. ಪ್ರತಿ ಮಾರ್ಚ್‌ನಲ್ಲೂ ಆ ಎರಡನೆಯದನ್ನು ತಿರುಗಿಸುತ್ತಿದ್ದವನು ನಾನೇ. ಕುರ್ಚಿಯ ಮೇಲೆ ಹತ್ತಿ, ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಿ ತಿರುಗಿಸುತ್ತಿದ್ದೆ. ಮನೆಯಲ್ಲಿರುವುದು ಒಂದೇ ಗಡಿಯಾರ. ಅದನ್ನು ನೋಡಿಕೊಂಡು ಕೂತೆ.

"ನಿನ್ನೆನೇ ಸರಿಯಾಗಿ ಬಿಡಿಸಿ ಹೇಳಬಾರದಿತ್ತಾ?" ಎಂದೆ.

ಅವಳು ಒಂದು ಲೋಟ ನನ್ನ ಮುಂದಿಟ್ಟು, ಇನ್ನೊಂದನ್ನು ಸಿಂಕಿಗೆ ಸುರಿದು ಹೋದಳು.

ನಿಜ ಹೇಳಬೇಕೆಂದರೆ ಅವಳು ಸರಿಯಾಗಿ ಹೇಳಲಿಲ್ಲ. ಅರ್ಧ ಮಾತು ಹೇಳಿ ನಿಲ್ಲಿಸಿದರೆ ಯಾರಿಗೆ ಅರ್ಥವಾಗುತ್ತದೆ?

ಮಾರ್ಚ್ 12

ಮಾತಿಲ್ಲ. ಸಿಟ್ಟೂ ಇಲ್ಲ. ಸಿಟ್ಟಿದ್ದರೆ ವಾಸಿ.

ಮಾರ್ಚ್ 16

ಅಕ್ಕ ಫೋನ್ ಮಾಡಿದಳು. ವಿಷಯ ಹೇಳಿ ತಪ್ಪನ್ನೆಲ್ಲ ಜಾಲತಾಣದ ಮೇಲೆ ಹಾಕಿದೆ. "ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಕಲಗಚ್ಚಿನ ಬಾನೀಲಿ ಬಿತ್ತಂತೆ" ಎಂದಳು. ಫೋನ್ ಇಟ್ಟುಬಿಟ್ಟೆ. ಮಿಕ್ಕ ದಿನಗಳಿಗಾದರೂ ಪ್ರಯತ್ನಿಸೋಣವೆಂದು ಈ ವಾರವೆಲ್ಲ ಬೆಳಗ್ಗೆ ಏಳಕ್ಕೇ ಕೂತಿದ್ದೆ. ಒಂದು ದಿನ ಸಿಕ್ಕಿತು, ಹಣ ಕಟ್ಟುವಷ್ಟರಲ್ಲಿ ಜಾರಿತು. ವರ್ನಾಗೆ ಹೇಳಲಿಲ್ಲ.

ಏಪ್ರಿಲ್ 22

ಚಳಿಗಾಲ ಕಳೆಯಲು ಬಂದ ಉತ್ತರದ ಮುದುಕರೆಲ್ಲ ಗಾಡಿ ಕಟ್ಟಿಕೊಂಡು ವಾಪಸು ಹೋದರು. ರಸ್ತೆ ಖಾಲಿ. ಕಾಫಿ ಕುಡಿಯೋಣವೆಂದು ಹೆದ್ದಾರಿಯ ಪೆಟ್ರೋಲ್ ಬಂಕಿಗೆ ಹೋಗಿದ್ದೆ, ಯುಸೇಬಿಯೊ ಸಿಕ್ಕ. ಇಪ್ಪತ್ತು ವರ್ಷ ನನ್ನ ಕೈಕೆಳಗೆ ಲಾರಿ ಓಡಿಸಿದವನು. ಹೊಟ್ಟೆ ಬಂದಿದೆ, ಮೀಸೆ ಬೆಳ್ಳಗಾಗಿದೆ.

"ಬಾಸ್! ಹೇಗಿದ್ದೀರಿ? ಮನೇಲಿ ಕೂತು ಯಾರಿಗೆ ದಾರಿ ತೋರಿಸ್ತಿದ್ದೀರಿ ಈಗ?"

"ಹೆಂಡತಿಗೆ" ಎಂದೆ. ಜೋರಾಗಿ ನಕ್ಕ. ನಾನು ತಮಾಷೆ ಮಾಡಿರಲಿಲ್ಲ.

ನನ್ನ ಜಾಗದಲ್ಲಿ ಯಾರೋ ಎಳೆ ಹುಡುಗಿ ಬಂದಿದ್ದಾಳಂತೆ. ಹೇಗಿದ್ದಾಳೆ ಎಂದು ಕೇಳಿದೆ. ಚೆನ್ನಾಗಿದ್ದಾಳೆ ಎಂದ. ಕೇಳಬಾರದಿತ್ತು, ಆದರೂ ಬಾಯಿ ತಡೆಯಲಿಲ್ಲ. "ನನ್ನನ್ನ ತುಂಬ ಬೈತಿದ್ರೇನಯ್ಯಾ ನೀವೆಲ್ಲ?"

"ಛೆ ಛೆ, ಬೈಯೋದಾ! ಯಾಕೆ ಬಾಸ್? ನೀವು ರೇಡಿಯೋದಲ್ಲಿ ಏನು ಹೇಳಿದ್ರೂ ನಾವು ಹೂಂ ಅಂತಿದ್ವಿ, ಆಮೇಲೆ ನಮಗೆ ಬೇಕಾದ ಕಡೆ ನಿಲ್ಲಿಸ್ಕೊಳ್ತಿದ್ವಿ. ಯಾವ ತಕರಾರೂ ಇರ್ಲಿಲ್ಲ."

ಬೆನ್ನು ತಟ್ಟಿ ಹೋದ. ಅವನಿಗೆ ತಾನು ಏನು ಹೇಳಿದೆ ಎಂಬ ಪರಿವೆಯೇ ಇಲ್ಲ. ಕಾಫಿ ಅರ್ಧ ಚೆಲ್ಲಿ ಮನೆಗೆ ಬಂದೆ. ಮೂವತ್ತು ವರ್ಷ ನಾನು ಗಾಳಿಗೆ ಮಾತಾಡಿದೆನೇ? ಸುಳ್ಳು ಹೇಳಿರಬೇಕು. ಡ್ರೈವರ್‌ಗಳು ಸುಳ್ಳು ಹೇಳುವುದು ಹೊಸದೇನಲ್ಲ.

ಮೇ 18

ಏಳನೆಯ ಪಟ್ಟಿ. ಇದಕ್ಕಿಂತ ಅಚ್ಚುಕಟ್ಟಾದದ್ದನ್ನು ಯಾರೂ ಮಾಡಲಾರರು. ಮೂರು ವಾರವನ್ನು ಹನ್ನೆರಡು ದಿನಕ್ಕೆ ಇಳಿಸಿದ್ದೇನೆ. ಡೆತ್ ವ್ಯಾಲಿಯನ್ನು ಬೆಳಗಿನ ಜಾವದಲ್ಲೇ ದಾಟಿಬಿಡುವುದು. ಜೋಶುವಾ ಟ್ರೀ ಪಾರ್ಕಿನ ಬದಿಯಿಂದಲೇ ಹಾದು ಹೋಗುವುದು, ಮರಗಳು ರಸ್ತೆಯಿಂದಲೂ ಕಾಣುತ್ತವೆ. ಫ್ರೂಟಾದಲ್ಲಿ ಮಲಗಲು ಜಾಗವಿಲ್ಲದ ಮೇಲೆ ಅಲ್ಲಿ ಹೊತ್ತು ಕಳೆದು ಪ್ರಯೋಜನವಿಲ್ಲ. ಅಲ್ಲಿ ಊಟದ ವಿರಾಮ ಇಟ್ಟಿದ್ದೇನೆ, ನಲವತ್ತು ನಿಮಿಷ. ತಿನ್ನುವಷ್ಟು ಸೇಬು ತಿಂದು ಹೊರಡಬಹುದು.

ರಾತ್ರಿ ಊಟದ ಹೊತ್ತಿಗೆ ಓದಿ ಹೇಳಿದೆ. ಹಸಿಮೆಣಸಿನಕಾಯಿ ಹಾಕಿದ ಹಂದಿಮಾಂಸದ ಸಾರು ಮಾಡಿದ್ದಳು, ರುಚಿಯಾಗಿತ್ತು.

"ಹೇಗಿದೆ?"

"ಹೂಂ" ಎಂದಳು.

"ನಲವತ್ತು ನಿಮಿಷ ಸಾಕಲ್ಲ? ಬೇಕಿದ್ರೆ ಐದು ನಿಮಿಷ ಸೇರಿಸ್ತೀನಿ."

"ಹೂಂ, ಸಾಕು."

ನೋಡು, ಕೊನೆಗೂ ಅವಳಿಗೆ ಅರ್ಥವಾಯಿತು. ವಿಷಯವನ್ನು ಸರಿಯಾಗಿ ಮುಂದಿಟ್ಟರೆ ಯಾರಾದರೂ ಒಪ್ಪುತ್ತಾರೆ. ತಟ್ಟೆ ನಾನೇ ತೊಳೆದೆ.

ಜುಲೈ 14

ಬಿಸಿಲು. ಹೊರಗೆ ಕಾಲಿಟ್ಟರೆ ಚಪ್ಪಲಿ ಅಂಟಿಕೊಳ್ಳುತ್ತದೆ. ಸಂಜೆ ಧೂಳಿನ ಗೋಡೆ ಎದ್ದುಬಂತು, ಹೆದ್ದಾರಿಯಲ್ಲಿ ಹತ್ತಾರು ವಾಹನಗಳು ಒಂದಕ್ಕೊಂದು ಗುದ್ದಿಕೊಂಡವಂತೆ. ವರ್ನಾ ಸಾಮಾನು ತರಲು ಹೋಗಿದ್ದಳು. ಅವಳು ಬರುವವರೆಗೆ ಕಿಟಕಿಯಲ್ಲೇ ನಿಂತಿದ್ದೆ. ನನಗೆ ಭಯವಾಗುತ್ತದೆ. ಯಾರಿಗೂ ಹೇಳಿಲ್ಲ, ಇಲ್ಲಿ ಬರೆದರೆ ತಪ್ಪೇನು? ಫೋನ್ ಬಂದರೆ ಒಳ್ಳೆ ಸುದ್ದಿಯಲ್ಲ ಎಂದೇ ಮೂವತ್ತು ವರ್ಷ ಕಳೆದವನು ನಾನು. ರಸ್ತೆ ಅಂದರೆ ನನಗೆ ಅದೇ.

ಅವಳು ಬಂದು ಹಾಲಿನ ಡಬ್ಬ ಮೇಜಿನ ಮೇಲಿಟ್ಟಳು. "ಎಲ್ಲಿ ಹಾಳಾಗಿ ಹೋಗಿದ್ದೆ?" ಎಂದು ಕೂಗಿದೆ.

"ಹಾಲು ತರೋಕೆ" ಎಂದಳು.

ಜುಲೈ 30

ವರ್ನಾ ಬೆಳಗ್ಗೆ ನನಗಿಂತ ಮೊದಲೇ ಎದ್ದು ಫೋನ್ ಹಿಡಿದು ಕೂರುತ್ತಾಳೆ. ಅಡುಗೆಯ ವಿಡಿಯೋ ಇರಬೇಕು. ತನ್ನ ಹಳೆಯ ಸುಬಾರು ಕಾರಿಗೆ ಹೊಸ ಟೈರ್ ಹಾಕಿಸಿದ್ದಾಳೆ. ನಾವು ಹೋಗುವುದು ನನ್ನ ಪಿಕಪ್‌ನಲ್ಲಿ, ಅದಕ್ಕೇಕೆ ಟೈರ್ ಎಂದು ಕೇಳಿದೆ. "ಹಳೇದು ಸವೆದಿತ್ತು" ಎಂದಳು. ಸರಿ, ಟೈರ್ ವಿಷಯದಲ್ಲಾದರೂ ನನ್ನ ಮಾತು ಕಿವಿಗೆ ಬಿದ್ದಿದೆ.

ಆಗಸ್ಟ್ 19

ಬರೆಯಲು ಮನಸ್ಸಿಲ್ಲ. ಬರೆದೇ ತೀರುತ್ತೇನೆ.

ಬೆಳಗ್ಗೆ ವರ್ನಾ ಎದುರಿಗೆ ಕೂತು, ಫೋನ್ ಮೇಜಿನ ಮೇಲೆ ಬೋರಲಾಗಿಟ್ಟು ಹೇಳಿದಳು. "ಫ್ರೂಟಾದಲ್ಲಿ ಜಾಗ ಸಿಕ್ತು. ಯಾರೋ ರದ್ದು ಮಾಡಿದ್ರು. ಸೆಪ್ಟೆಂಬರ್ ಹತ್ತಕ್ಕೆ ಎರಡು ರಾತ್ರಿ. ತೋಟದ ಪಕ್ಕದ್ದೇ."

ನನಗೆ ನಿಜವಾಗಿಯೂ ಸಂತೋಷವಾಯಿತು. "ಭಲೇ! ನಿಲ್ಲು, ಪಟ್ಟಿ ತಿದ್ದಬೇಕು. ಜಯಾನ್ ಒಂದು ದಿನ ಮುಂದಕ್ಕೆ ಹೋಗುತ್ತೆ, ಹಾಗಾದ್ರೆ..."

"ಪಟ್ಟಿ ಬೇಡ. ನಾನೊಬ್ಬಳೇ ಹೋಗ್ತಿದ್ದೀನಿ."

ಮೊದಲು ನಕ್ಕೆ. ಅವಳು ನಗಲಿಲ್ಲ.

"ತಲೆ ಕೆಟ್ಟಿದೆಯಾ ನಿನಗೆ? ಒಬ್ಬಳೇ? ಆ ರಸ್ತೆಗಳಲ್ಲಿ? ಮಂಡಿ ನೋವು ಅಂತ ಮೆಟ್ಟಿಲು ಹತ್ತೋಕೆ ಆಗಲ್ಲ ನಿನಗೆ. ಟೈರ್ ಹೋದ್ರೆ ಬದಲಾಯಿಸ್ತೀಯಾ?"

"ಬದಲಾಯಿಸ್ತೀನಿ. ಕಲಿತಿದ್ದೀನಿ. ಡಾರ್ಲಾ ಕಾರಿನ ಮೇಲೆ ಎರಡು ಸಲ ಮಾಡಿ ನೋಡಿದೆ."

"ಅಕ್ಕನಿಗೂ ಗೊತ್ತಾ ಇದು?"

"ಗೊತ್ತು."

ನನ್ನ ಮೈ ಉರಿದುಹೋಯಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಆರು ತಿಂಗಳು ಯಾರಿಗಾಗಿ ಕೂತು ಲೆಕ್ಕ ಹಾಕಿದೆ, ಯಾರ ಸುರಕ್ಷತೆಗೆ, ಕೃತಜ್ಞತೆ ಅನ್ನುವುದು ಇದೆಯೇ ಎಂದು ಕೇಳಿದೆ. "ಮೂವತ್ತು ವರ್ಷ ಲಾರಿ ಡ್ರೈವರ್‌ಗಳು ನನ್ನ ಮಾತು ಕೇಳಿದ್ದಾರೆ, ನಿನಗೇನು ದಾಡಿ?" ಎಂದೆ.

"ಅವರಿಗೆ ಸಂಬಳ ಬರ್ತಿತ್ತು ವೆಂಡೆಲ್. ನನಗೆ ಯಾರು ಕೊಟ್ರು?"

ಧ್ವನಿ ಏರಿಸಲಿಲ್ಲ. ಅದೇ ತಡೆಯಲಾಗಲಿಲ್ಲ ನನಗೆ. "ನಿನ್ನ ಮೇಲೆ ನನಗೆ ದ್ವೇಷ ಇಲ್ಲ ಕಣೋ. ಸಾಕಾಗಿದೆ, ಅಷ್ಟೇ. ಬುಕಿಂಗ್ ತಪ್ಪಿದ್ದಕ್ಕಲ್ಲ. ಅದು ಯಾರಿಗಾದ್ರೂ ಆಗುತ್ತೆ. ಆಮೇಲೆ ನನ್ನ ಅಮ್ಮನ ಊರನ್ನ ನಲವತ್ತು ನಿಮಿಷ ಮಾಡಿದೆಯಲ್ಲ, ಅದಕ್ಕೆ. ನನ್ನ ಮುಂದೆನೇ ಓದಿ ಹೇಳಿದೆ, ಸಾರು ಬಡಿಸ್ಕೊಂಡು."

"ನೀನು ಹೂಂ ಅಂದೆಯಲ್ಲ!"

"ಹೌದು, ಅಂದೆ" ಎಂದಳು.

ಆಗಸ್ಟ್ 21

ಪಟ್ಟಿಯನ್ನು ಗೋಡೆಯಿಂದ ಕಿತ್ತೆ. ನಾನೂ ಬರುತ್ತೇನೆ, ಪಟ್ಟಿ ಇಲ್ಲದೆಯೇ ಬರುತ್ತೇನೆ, ಅವಳು ಹೇಳಿದ ಕಡೆ ನಿಲ್ಲಿಸುತ್ತೇನೆ ಎಂದು ಹೇಳಿದೆ. ನನ್ನ ಬಾಯಿಂದ ಇಂಥ ಮಾತು ಬಂದದ್ದಕ್ಕಾದರೂ ಅವಳು ಬೆರಗಾಗಬೇಕಿತ್ತು.

"ನೀನು ಹೇಳಿದ ಕಡೆ ನಿಲ್ಲಿಸ್ತೀಯ, ನಿಜ. ಆಮೇಲೆ ವಾಚ್ ನೋಡ್ತೀಯ" ಎಂದಳು.

"ವಾಚ್ ಮನೇಲಿ ಬಿಟ್ಟು ಬರ್ತೀನಿ."

"ಆಕಾಶ ನೋಡ್ತೀಯ" ಎಂದಳು. ಅದಕ್ಕೆ ಅವಳಿಗೇ ನಗು ಬಂತು. ನನಗೆ ಬರಲಿಲ್ಲ.

ಆಗಸ್ಟ್ 24

ಅಕ್ಕನಿಗೆ ಫೋನ್ ಮಾಡಿ ಉಗಿದೆ. ತಮ್ಮನ ಮನೆ ಮುರಿಯುವುದಕ್ಕೆ ಟೈರ್ ಬಿಚ್ಚುವುದು ಕಲಿಸಿಕೊಡುತ್ತೀಯಾ ಎಂದೆ. ಅವಳು ಎಲ್ಲ ಕೇಳಿಸಿಕೊಂಡಳು.

"ಮುಗೀತಾ? ನೋಡು ತಮ್ಮಾ, ನಿಮ್ಮ ಬಾವ ಬದುಕಿದ್ದಾಗ ನಾನು ಎಲ್ಲಿಗೂ ಒಬ್ಬಳೇ ಹೋಗ್ಲಿಲ್ಲ. ಸತ್ತ ಮೇಲೆ ಹೋದೆ. ವರ್ನಾಗೆ ಅಷ್ಟು ದಿನ ಕಾಯೋ ತಾಳ್ಮೆ ಇಲ್ಲ ಅಂದ್ಕೋ. ಅದು ನಿನ್ನ ಪುಣ್ಯ."

ಇದು ಸಮಾಧಾನವೋ ಶಾಪವೋ ತಿಳಿಯಲಿಲ್ಲ. ಅವಳ ಮಾತು ಯಾವಾಗಲೂ ಹೀಗೆಯೇ.

ಸೆಪ್ಟೆಂಬರ್ 9, ಮಂಗಳವಾರ

ಹೋದಳು.

ಬೆಳಗ್ಗೆ ನಾನೇ ಸುಬಾರುವಿನ ಎಣ್ಣೆ ನೋಡಿದೆ, ನೀರಿನ ಕ್ಯಾನ್ ನಾಲ್ಕು ಇಟ್ಟೆ, ಹೆಚ್ಚುವರಿ ಟೈರಿನ ಗಾಳಿ ನೋಡಿದೆ. ಬೇಡ ಎನ್ನಲಿಲ್ಲ. ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು. ನೀಲಿ ಅಂಗಿ, ಹೊಸ ಟೋಪಿ. ಚೆಂದ ಕಾಣುತ್ತಿದ್ದಳು, ಹೇಳಬಹುದಿತ್ತು.

ಪಾರ್ಕುಗಳ ಪಾಸು ನನ್ನ ಹೆಸರಿನಲ್ಲಿದೆ, ಅದನ್ನು ತೋರಿಸಬೇಕಾದರೆ ನಾನು ಕಾರಿನಲ್ಲಿರಬೇಕು. ಅದೊಂದು ಆಸೆ ಉಳಿದಿತ್ತು ಎಂದು ಈಗ ಬರೆಯಲು ನಾಚಿಕೆಯಾಗುತ್ತದೆ. ಆ ಮಾತು ತೆಗೆದೆ. ಅವಳು ಪರ್ಸ್ ತೆರೆದು ತನ್ನದೇ ಒಂದು ಪಾಸು ತೋರಿಸಿದಳು. ಕಳೆದ ತಿಂಗಳೇ ತರಿಸಿಕೊಂಡಿದ್ದಾಳೆ.

ಎಂಜಿನ್ ಶುರುಮಾಡಿ ಕಿಟಕಿಯ ಗಾಜು ಇಳಿಸಿದಳು. ನನ್ನನ್ನೂ ಕರೆದುಕೊಂಡು ಹೋಗು ಎನ್ನಬೇಕೆಂದು ಬಾಯಿ ತೆರೆದೆ.

"ಎಡಗಡೆ ಕನ್ನಡಿ ಸರಿ ಮಾಡ್ಕೋ" ಎಂದೆ.

"ಸರಿಯಾಗಿದೆ."

"ಸೇರಿದ ತಕ್ಷಣ ಫೋನ್ ಮಾಡು."

"ಅಲ್ಲಿ ಸಿಗ್ನಲ್ ಇರಲ್ಲ. ಸಿಕ್ಕಿದಾಗ ಮಾಡ್ತೀನಿ. ಫ್ರೀಜರ್‌ನಲ್ಲಿ ಸಾರಿದೆ, ಬಿಸಿ ಮಾಡ್ಕೊಂಡು ತಿನ್ನು." ಕೈ ಹೊರಗೆ ಚಾಚಿ ನನ್ನ ಕೆನ್ನೆ ಮುಟ್ಟಿದಳು. ಆಮೇಲೆ ಕಾರು ಬೀದಿಯ ತುದಿಯಲ್ಲಿ ತಿರುಗಿತು. ಸಿಗ್ನಲ್ ದೀಪ ಹಾಕಿದಳು, ಅದನ್ನು ನೋಡಿದೆ.

ಸೆಪ್ಟೆಂಬರ್ 10

ಫೋನ್ ಇಲ್ಲ. ಈಗ ಎಲ್ಲಿರಬಹುದು ಎಂದು ಲೆಕ್ಕ ಹಾಕಲು ಕೂತೆ. ಅವಳು ಎಷ್ಟು ವೇಗ ಹೋಗುತ್ತಾಳೆ, ಎಲ್ಲಿ ನಿಲ್ಲುತ್ತಾಳೆ, ಒಂದೂ ತಿಳಿಯದು. ಮೂವತ್ತೆಂಟು ವರ್ಷ ಜೊತೆಗಿದ್ದವಳು ಒಬ್ಬಳೇ ಇದ್ದರೆ ಕಾರನ್ನು ಹೇಗೆ ಓಡಿಸುತ್ತಾಳೆಂದು ನನಗೆ ಗೊತ್ತಿಲ್ಲ. ಸಾರು ಬಿಸಿ ಮಾಡಲಿಲ್ಲ.

ಸೆಪ್ಟೆಂಬರ್ 11

ಸಂಜೆ ಫೋನ್ ಬಂತು. ಹತ್ತಿರದ ಹಳ್ಳಿಗೆ ಬ್ರೆಡ್ ತರಲು ಬಂದಿದ್ದಳಂತೆ, ಅಲ್ಲಿ ಸಿಗ್ನಲ್ ಇದೆಯಂತೆ. ಹಿಂದೆ ಗಾಳಿಯ ಸದ್ದು, ಯಾರೋ ನಗುವ ಸದ್ದು. ಪಕ್ಕದ ಡೇರೆಯವರಂತೆ.

"ಟೈರ್ ಹೇಗಿದೆ?" ಎಂದೆ.

"ಚೆನ್ನಾಗಿದೆ."

"ಎಂಜಿನ್ ಬಿಸಿ ಏರಿತಾ ಘಾಟಿಯಲ್ಲಿ?"

"ಇಲ್ಲ."

"ನೀರು ಇದೆಯಾ? ಪೆಟ್ರೋಲ್ ಅರ್ಧಕ್ಕಿಂತ ಇಳಿಯೋಕೆ ಬಿಡಬೇಡ. ರಾತ್ರಿ ಚಳಿ ಇತ್ತಾ? ಡೇರೆ ಗೂಟ ಸರಿಯಾಗಿ ಹೊಡೆದೆಯಾ?"

"ಎಲ್ಲಾ ಸರಿಯಾಗಿದೆ ವೆಂಡೆಲ್."

"ನಾಳೆ ಎಷ್ಟು ಹೊತ್ತಿಗೆ ಹೊರಡ್ತೀಯ? ಅಲ್ಲಿಂದ ಎಲ್ಲಿಗೆ?"

"ಗೊತ್ತಿಲ್ಲ. ಡೆತ್ ವ್ಯಾಲಿಗೆ ಹೋಗಬೇಕು ಅನ್ನಿಸಿದ್ರೆ ಹೋಗ್ತೀನಿ. ಮನೆಗೆ ಬರಬೇಕು ಅನ್ನಿಸಿದ್ರೆ ಬರ್ತೀನಿ."

"ಅನ್ನಿಸಿದ್ರೆ?"



"ಇವತ್ತು ಮಧ್ಯಾಹ್ನವೆಲ್ಲ ಒಂದು ಮರದ ಕೆಳಗೆ ಮಲಗಿದ್ದೆ" ಎಂದಳು. "ಏನೂ ಮಾಡಲಿಲ್ಲ. ಮಲಗ್ಕೊಂಡೇ ಯೋಚನೆ ಮಾಡಿದೆ. ನೀನು ಇದ್ದಿದ್ರೆ ನಿನ್ನೆ ಊಟ ಆಗಿದ್ದೇ ಹೊರಟುಬಿಟ್ಟಿರ್ತಿದ್ವಿ."

ಚುಚ್ಚಲಿಕ್ಕೆ ಹೇಳಿದ್ದಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದಳು. ಸುಳ್ಳು ಎನ್ನಬೇಕೆಂದುಕೊಂಡೆ, ಆಗಲಿಲ್ಲ. ಬೆಳಗಾಗುವುದರೊಳಗೆ ಹಿಮ ಬೀಳುವ ಹಾಗಿದೆಯೇ, ಹೊದಿಕೆ ಸಾಕೇ ಎಂದು ಕೇಳಿದೆ. ಸಾಕು ಎಂದು ಫೋನ್ ಇಟ್ಟಳು.

ಕತ್ತಲಾಯಿತು. ದೀಪ ಹಾಕದೆ ಬಹಳ ಹೊತ್ತು ಕೂತಿದ್ದೆ. ಟೈರ್ ಕೇಳಿದೆ, ಎಂಜಿನ್ ಕೇಳಿದೆ, ನೀರು, ಪೆಟ್ರೋಲ್, ಗೂಟ, ಹೊದಿಕೆ ಎಲ್ಲಾ ಕೇಳಿದೆ. ಸೇಬು ಹೇಗಿದೆ ಎಂದು ಕೇಳಲೇ ಇಲ್ಲ. ಅವಳು ಅಷ್ಟು ದೂರ ಹೋಗಿದ್ದೇ ಅದಕ್ಕೆ, ಅದೊಂದನ್ನು ಕೇಳಲಿಲ್ಲ.

ಎದ್ದು ಅವಳ ನಂಬರಿಗೆ ಫೋನ್ ಮಾಡಿದೆ. ವ್ಯಾಪ್ತಿಯಲ್ಲಿಲ್ಲ ಎಂದಿತು. ತೋಟಕ್ಕೆ ವಾಪಸು ಹೋಗಿರಬೇಕು. ಇನ್ನೊಮ್ಮೆ ಮಾಡಿದೆ.